ಪುಟ ಎಣಿಸುವವಳು

ಫೆಬ್ರವರಿ 9

ಅಕ್ಕಾ,

ನಿಮಗೆ ಫೋನ್ ಮಾಡಬಾರದೆಂದು ಗೊತ್ತು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಎಂಟು ಗಂಟೆ ಕೂತು, "ಒಂದ್ನಿಮಿಷ ಇರಿ" ಎನ್ನುತ್ತಾ ಊರಿನವರ ಗೋಳನ್ನೆಲ್ಲ ಕೇಳಿ ಬಂದವರಿಗೆ ಮನೆಯಲ್ಲೂ ಗಂಟೆ ಬಾರಿಸಿದರೆ ಹೇಗಿರುತ್ತದೆ ಎಂದು ನೀವೇ ಎಷ್ಟು ಸಲ ಹೇಳಿದ್ದೀರಿ. ಹಾಗಾಗಿ ಎಂದಿನಂತೆ ಬೈಂಡಿಂಗ್ ಕೋಣೆಯಲ್ಲಿ ಕೂತು, ಕಟಿಂಗ್ ಮಷೀನು ಕತ್ತರಿಸಿ ಬೀಳಿಸಿದ ಕಾಗದದ ಪಟ್ಟಿಗಳ ಮೇಲೆ ಬರೆಯುತ್ತಿದ್ದೇನೆ. ಕ್ರಮ ತಪ್ಪದಿರಲೆಂದು ಮೂಲೆಯಲ್ಲಿ ನಂಬರ್ ಹಾಕಿದ್ದೇನೆ.

ಸುತ್ತಿ ಬಳಸಿ ಹೇಳಲು ತ್ರಾಣವಿಲ್ಲ. ನಾನೂ ನಿಮ್ಮ ತಮ್ಮನೂ ಬೇರೆಯಾಗುತ್ತಿದ್ದೇವೆ. ಜಗಳವೇನೂ ಇಲ್ಲ. ನಾವು ಜಗಳವಾಡಿ ಎಷ್ಟು ವರ್ಷವಾಯಿತೆಂದೇ ನನಗೆ ನೆನಪಿಲ್ಲ. ಒಂದು ವರ್ಷದಿಂದ ಅವರು ಮಹಡಿಯ ಕೋಣೆಯಲ್ಲಿ ಮಲಗುತ್ತಾರೆ. ಬೆಳಿಗ್ಗೆ ನಾನು ಅಂಟು ಕಲಸುವ ಹೊತ್ತಿಗೆ ಇಳಿದು ಬಂದು "ಹಾಲು ಬಂತಾ?" ಎನ್ನುತ್ತಾರೆ. ನಾನು "ಬಂತು" ಎನ್ನುತ್ತೇನೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಹೋದ ವಾರ ಒಂದು ದಿನ ಹಾಲು ಬಂದಿರಲಿಲ್ಲ, ಅದಕ್ಕೆ ಎರಡು ಮಾತು ಹೆಚ್ಚಾಯಿತು. ಅದರಲ್ಲೇ ಅವರು "ಹಿಂಗೇ ಎಷ್ಟು ದಿನ ಅಂತ?" ಎಂದರು. ನಾನು ಬ್ರಷ್ ಕೆಳಗಿಟ್ಟು "ನೀವೇ ಹೇಳಿ" ಎಂದೆ. ಹತ್ತೊಂಬತ್ತು ವರ್ಷ ಅಷ್ಟರಲ್ಲೇ ಇತ್ಯರ್ಥವಾಯಿತು.

ಮಕ್ಕಳಿಲ್ಲ, ಹಾಗಾಗಿ ಹಂಚಿಕೊಳ್ಳುವುದೂ ಹೆಚ್ಚಿಲ್ಲ. ಅವರು ಆಫೀಸಿನ ಹತ್ತಿರ ಎಲ್ಲಾದರೂ ಇರುತ್ತಾರಂತೆ. ಅಲ್ಲಿ ಬೇರೆ ಯಾರಾದರೂ ಇದ್ದಾರೋ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ನನಗೆ ಈ ಬೈಂಡಿಂಗ್ ಕೋಣೆ, ಹಿಂದಿನ ಅಡುಗೆಮನೆ ಇಷ್ಟಿದ್ದರೆ ಸಾಕು. ಮಾವ ಕಲಿಸಿದ ಕೆಲಸ ಕೈಯಲ್ಲಿದೆ. ಕೋಣೆ ನನಗೆ ಎನ್ನುವುದು ಮಾತಾಡಬೇಕಾದ ವಿಷಯವೂ ಅಲ್ಲ ಅನ್ನಿಸಿ ನಾನು ಎತ್ತಲಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಒಂದೇ: ವಕೀಲರನ್ನು ಹಿಡಿಯಬೇಕೋ ಬೇಡವೋ? ನಿಮ್ಮ ತಮ್ಮ ಬೇಡ ಎನ್ನುತ್ತಾರೆ. "ಇಬ್ರೂ ಒಪ್ಪಿದ ಮೇಲೆ ವಕೀಲರು ಯಾಕೆ? ಇಲ್ಲದ ಜಗಳ ಅವರೇ ಹುಟ್ಟಿಸ್ತಾರೆ. ನಮ್ಮ ಆಫೀಸಿಗೆ ಕಾಗದ ಪತ್ರ ಬರೆಯೋರೊಬ್ಬರು ಬರ್ತಾರೆ, ಅವರ ಕೈಲಿ ಬರೆಸ್ತೀನಿ. ಸೈನ್ ಮಾಡಿ, ಜಡ್ಜ್ ಮುಂದೆ ನಿಂತು ಹೌದು ಅಂದ್ರೆ ಮುಗೀತು" ಎಂದರು. ಇತ್ತ ನಮ್ಮಲ್ಲಿ ಕಾನೂನು ಪುಸ್ತಕ ಕಟ್ಟಿಸುವ ಲಾಯರಮ್ಮ ಇದ್ದಾರಲ್ಲ, ದೊಡ್ಡ ಚೀಲ ಹೊತ್ತು ಬರುವವರು, ಅವರನ್ನು ಒಂದು ಮಾತು ಕೇಳೋಣವೇ ಎಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ರಟ್ಟು ಯಾವ ಬಣ್ಣದ್ದು ಹಾಕಲಿ?" ಎಂದಷ್ಟೇ ಕೇಳಿದೆ.

ನಿಮ್ಮ
ಅಂಟಮ್ಮ

*

ಫೆಬ್ರವರಿ 21

ಅಂಟಮ್ಮಾ,

ನಿನ್ನ ಪಟ್ಟಿಗಳು ಬಂದವು. ಏಳನೆಯದು ಆರನೆಯದಕ್ಕೆ ಅಂಟಿಕೊಂಡಿತ್ತು, ಕೆಟಲಿನ ಹಬೆಗೆ ಹಿಡಿದು ಬಿಡಿಸಿದೆ. ನಿನಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ ನೋಡು.

ಓದಿ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಪಕ್ಕದ ಮನೆಯವರ ರೇಡಿಯೊ ಮೇಲೆ ತೀರಿಸಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವಾದರೂ ನೀವಿಬ್ಬರೂ ತಟ್ಟೆ ಎಸೆದಾಡಿದ್ದರೆ ನಾನು ರೈಲು ಹತ್ತಿ ಬಂದು ಇಬ್ಬರಿಗೂ ಬೈದು ಹೋಗುತ್ತಿದ್ದೆ. ಹೀಗೆ ಸದ್ದಿಲ್ಲದೆ ಆರಿಹೋಗುವವರಿಗೆ ಏನೆಂದು ಬೈಯುವುದು?

ವಕೀಲರ ವಿಷಯ ನನ್ನನ್ನು ಕೇಳಬೇಡ. ಬೇಡ ಎಂದರೆ ತಮ್ಮನ ಪರ ಆಗುತ್ತದೆ, ಹಿಡಿ ಎಂದರೆ ಅವನ ವಿರುದ್ಧ. ಅಪ್ಪ ಅಮ್ಮ ಹೋದ ಮೇಲೆ ನನಗೆ ಉಳಿದಿರುವ ರಕ್ತಸಂಬಂಧ ಅವನೊಬ್ಬನೇ. ಈ ವಯಸ್ಸಿನಲ್ಲಿ ಅದನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಆದರೂ ಒಂದು ಹೇಳುತ್ತೇನೆ. ನನ್ನ ತಮ್ಮ ಸುಳ್ಳು ಹೇಳುವವನಲ್ಲ. ಹೇಳಬೇಕಾದ್ದನ್ನು ಹೇಳುವುದಿಲ್ಲ, ಅಷ್ಟೆ. ಅವನಿಗೆ ಏಳು ವರ್ಷವಿದ್ದಾಗ ಒಮ್ಮೆ ಓಡಿ ಬಂದು "ಅಪ್ಪಾ, ಅಂಟು ಖಾಲಿಯಾಗಿದೆ" ಎಂದ. ನಿಜವೇ. ಡಬ್ಬಿಯಲ್ಲಿ ಒಂದು ಹನಿಯೂ ಇರಲಿಲ್ಲ. ಎಲ್ಲವೂ ಶಾಲೆಯವರ ನಲವತ್ತು ಪುಸ್ತಕಗಳ ಮೇಲಿತ್ತು. ಡಬ್ಬಿ ಹೇಗೆ ಮಗುಚಿತು ಎಂದು ಕೇಳಿದ್ದಕ್ಕೆ, "ನೀವು ಖಾಲಿಯಾಯ್ತಾ ಅಂತ ಮಾತ್ರ ಕೇಳ್ತೀರಿ ಯಾವಾಗ್ಲೂ" ಎಂದು ಅಪ್ಪನಿಗೇ ತಿರುಗಿಬಿದ್ದ.

ಇಲ್ಲಿ ಎರಡು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಊಟ ಬಿಡಬೇಡ.

ನಿನ್ನ
ಒಂದ್ನಿಮಿಷ ಅಕ್ಕ

*

ಏಪ್ರಿಲ್ 4

ಅಕ್ಕಾ,

ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ. ಚೆನ್ನಾಗಿ ಹೊಡೆದು ಹಾಕಿದ್ದೀರಿ.

ಕಾಗದ ಬಂತು, ಸೈನ್ ಮಾಡಿದೆ. ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಅವರೇ ಒರೆಸಿದರು. ಅವರೇ ಚಹಾ ಮಾಡಿದರು, ನನಗೆ ಸಕ್ಕರೆ ಕಮ್ಮಿ ಎಂಬುದು ನೆನಪಿತ್ತು. ಇಷ್ಟು ಚೆನ್ನಾಗಿ ನಡೆದುಕೊಳ್ಳಲು ಇವರಿಗೆ ಬರುತ್ತಿತ್ತಲ್ಲ ಎಂದುಕೊಂಡೆ. ದುಃಖವಾಯಿತು. ಆದರೆ ಅಳುವಷ್ಟಲ್ಲ.

ಆರು ಪುಟ. ಒಂದರಿಂದ ಆರು ಕ್ರಮವಾಗಿತ್ತು. ಎಡಗಡೆ ಅಂಚು ಸಾಕಷ್ಟು ಬಿಟ್ಟಿದ್ದರು, ಹೊಲಿದರೆ ಅಕ್ಷರ ಒಳಗೆ ಸೇರುವುದಿಲ್ಲ. ಐದನೆಯ ಪುಟ ಸ್ವಲ್ಪ ಓರೆಯಾಗಿ ಪ್ರಿಂಟಾಗಿತ್ತು, ಹೇಳಿದೆ. ಅವರು ನಕ್ಕು "ಪರವಾಗಿಲ್ಲ, ಜಡ್ಜ್ ಅದನ್ನ ನೋಡಲ್ಲ" ಎಂದರು. ಆರು ಕಡೆ ಸೈನ್ ಮಾಡಿದೆ. ಒಳಗೇನು ಬರೆದಿತ್ತು ಎಂದು ನೀವು ಕೇಳುತ್ತೀರಿ, ಗೊತ್ತು. ಓದಲಿಲ್ಲ.

ನಗಬೇಡಿ ಅಕ್ಕ. ಮದುವೆಯಾದ ಹೊಸದರಲ್ಲಿ ನಾನು ಬೈಂಡಿಂಗಿಗೆ ಬಂದ ಕಥೆ ಪುಸ್ತಕದಲ್ಲಿ ಮುಳುಗಿ ಕೂತಿದ್ದಾಗ ಮಾವ ಬೆನ್ನ ಹಿಂದೆ ಬಂದು ನಿಂತು, "ಓದ್ಬೇಡಮ್ಮ, ಎಣಿಸು. ಓದೋಕೆ ಕೊಂಡೋರಿದ್ದಾರೆ. ಒಂದು ಪುಟ ತಪ್ಪಿದ್ರೆ ನಮ್ಮನ್ನ ಕೇಳ್ತಾರೆ" ಎಂದಿದ್ದರು. ಅಂದಿನಿಂದ ಅಕ್ಷರವಿರುವ ಹಾಳೆ ಕೈಗೆ ಬಂದರೆ ನನ್ನ ಕಣ್ಣು ನೇರ ಮೂಲೆಗೆ, ನಂಬರಿಗೆ ಹೋಗುತ್ತದೆ. ಲಾಯರಮ್ಮನ ಕಾನೂನು ಪುಸ್ತಕ ಇನ್ನೂರಾದರೂ ಕಟ್ಟಿದ್ದೇನೆ, ಒಂದು ಸಾಲು ಕೇಳಿ, ಬರುವುದಿಲ್ಲ.

ಮೊನ್ನೆ ಒಬ್ಬರು ಟೇಪು ಹಿಡಿದು ಬಂದು ಬೈಂಡಿಂಗ್ ಕೋಣೆಯನ್ನು ಅಳೆದು ಹೋದರು. ಸುಣ್ಣ ಬಳಿಸಲು ಎಂದು ನಿಮ್ಮ ತಮ್ಮ ಹೇಳಿದರು. ಹೋಗುವವರು ಸುಣ್ಣ ಬಳಿಸಿ ಹೋಗುತ್ತಿದ್ದಾರೆ, ನೋಡಿ. ಜೂನ್ ಕೊನೆಗೆ ಕೋರ್ಟಿಗೆ ಕೊಡುತ್ತಾರಂತೆ. ಆಮೇಲೆ ಜಡ್ಜ್ ಕರೆದು ಇಬ್ಬರನ್ನೂ ಕೇಳುತ್ತಾರಂತೆ.

ಅದಾದ ಮೇಲೆ ನಿಮ್ಮನ್ನು ಏನಂತ ಕರೆಯಲಿ? ಗಂಡ ಹೋದರೆ ಹೋಗಲಿ, ಗಂಡನ ಅಕ್ಕನನ್ನೂ ಬಿಟ್ಟುಕೊಡಬೇಕೆಂದು ಆ ಕಾಗದದಲ್ಲಿ ಬರೆದಿದೆಯೇ ಎಂದು ಭಯವಾಗುತ್ತದೆ.

ನಿಮ್ಮ
ಅಂಟಮ್ಮ

*

ಏಪ್ರಿಲ್ 11

ಅಂಟಮ್ಮಾ,

ನಿನ್ನ ತಲೆಯಲ್ಲೇನು ಅಂಟು ತುಂಬಿಕೊಂಡಿದೆಯಾ? ಆರು ಪುಟಕ್ಕೆ ಆರು ಸೈನ್!

ಸುಣ್ಣ ಬಳಿಯುವವರು ಗೋಡೆ ಅಳೆಯುತ್ತಾರೆ. ಅವರು ನೆಲ ಅಳೆದರೋ ಗೋಡೆ ಅಳೆದರೋ, ನೆನಪು ಮಾಡಿಕೋ. ಆ ಕಾಗದದ ಒಂದು ಪ್ರತಿ ನಿನಗೂ ಕೊಟ್ಟಿರುತ್ತಾನೆ. ತೆಗೆದು ಓದು. ನಂಬರ್ ನೋಡಬೇಡ. ಮೂಲೆಗಳನ್ನು ಕೈಯಿಂದ ಮುಚ್ಚಿಕೊಂಡು ಓದು. ಕೋಣೆಯ ಬಗ್ಗೆ ಏನು ಬರೆದಿದೆಯೋ ಅದನ್ನು ಅಕ್ಷರ ಬಿಡದೆ ಬರೆದು ಕಳಿಸು.

ಅಕ್ಕ

*

ಏಪ್ರಿಲ್ 23

ಅಕ್ಕಾ,

ನೆಲ ಅಳೆದರು.

ನಾಲ್ಕನೆಯ ಪುಟದಲ್ಲಿದೆ. ಅಕ್ಷರ ಬಿಡದೆ ಬರೆಯುತ್ತಿದ್ದೇನೆ. "ಮನೆಯ ಮುಂಭಾಗದ ಕೋಣೆ ಹಾಗೂ ಅದರಲ್ಲಿರುವ ಯಂತ್ರಗಳು ಒಂದನೇ ಅರ್ಜಿದಾರರಿಗೆ ಸೇರಿದ ಸ್ವತ್ತಾಗಿದ್ದು, ಎರಡನೇ ಅರ್ಜಿದಾರರು ಬಿಡುವಿನ ವೇಳೆಯಲ್ಲಿ ಅಲ್ಲಿ ನೆರವಾಗುತ್ತಿದ್ದರೇ ವಿನಾ ಅವುಗಳ ಮೇಲೆ ಅವರಿಗೆ ಯಾವುದೇ ಹಕ್ಕಿರುವುದಿಲ್ಲ. ಆದೇಶವಾದ ಮೂವತ್ತು ದಿನಗಳೊಳಗೆ ಸದರಿ ಕೋಣೆಯನ್ನು ತೆರವು ಮಾಡಿಕೊಡಲು ಸಮ್ಮತಿಸಿರುತ್ತಾರೆ."

ಬಿಡುವಿನ ವೇಳೆ ಅಂತೆ. ನನಗೆ ಬಿಡುವು ಯಾವಾಗ ಇತ್ತು ಹೇಳಿ? ಮಾವ ಹಾಸಿಗೆ ಹಿಡಿದ ಮೇಲೆ ಒಂದು ಕೈಯಲ್ಲಿ ಅವರಿಗೆ ಗಂಜಿ, ಇನ್ನೊಂದು ಕೈಯಲ್ಲಿ ಸೂಜಿ ದಾರ. ಅವರು ಹೋದ ಹದಿಮೂರನೇ ದಿನ ಕಾಲೇಜಿನವರ ಕೆಲಸ ಮುಗಿಸಿ ಕಳಿಸಿದ್ದೆ. ಕೋಣೆ ಹೋಗುತ್ತದೆ ಎನ್ನುವುದಕ್ಕಿಂತ ಆ ಒಂದು ಮಾತಿಗೆ ನನಗೆ ಎದೆ ಉರಿಯಿತು.

ಕೇಳಿದೆ. ಅವರು ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು.

"ನಾಲ್ಕನೇ ಪುಟ ಏನ್ರೀ ಇದು?"

"ಓದಿದ್ಯಾ?" ಎಂದರು, ನಿಜವಾಗಿ ಆಶ್ಚರ್ಯಪಟ್ಟು. "ಅದು ಕೋರ್ಟಿನ ಭಾಷೆ ಕಣೆ. ಹಂಗೇ ಬರೀಬೇಕು."

"ಬಿಡುವಿನ ವೇಳೆ ಅಂತಾನಾ?"

ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿದರು. "ನಾನೂ ಎಲ್ಲಿಗಾದ್ರೂ ಹೋಗ್ಬೇಕಲ್ಲ. ಮುಂದಿನ ಭಾಗ ಮಾರಿದ್ರೇನೇ ನನಗೆ ಬೇರೆ ಕಡೆ ಮನೆ ಆಗೋದು. ನಿನಗೆ ಕೆಲಸ ಬರುತ್ತೆ, ಎಲ್ಲಿ ಬೇಕಾದ್ರೂ ಸಿಗುತ್ತೆ. ನನಗೇನು ಬರುತ್ತೆ ಹೇಳು?"

ಅದನ್ನು ಅವರು ದುರಹಂಕಾರದಿಂದ ಹೇಳಲಿಲ್ಲ. ಅವರಿಗೂ ಸಾಕಾಗಿದೆ, ಮುಖದಲ್ಲಿ ಕಾಣುತ್ತದೆ. ನಾನು ಮರಳಿ ಕೋಣೆಗೆ ಬಂದು ಅರ್ಧಕ್ಕೆ ನಿಂತ ಹೊಲಿಗೆ ಮುಗಿಸಿದೆ.

ಲಾಯರಮ್ಮ ಶುಕ್ರವಾರ ಬಂದಿದ್ದರು. "ಏನಮ್ಮ, ಇಳಿದು ಹೋಗಿದ್ದೀರಿ?" ಎಂದು ಕೇಳಿದರು. "ಸೆಖೆ" ಎಂದೆ. ವಕೀಲರು, ಕೋರ್ಟು, ಅಲ್ಲಿ ನಿಂತು ಇಷ್ಟು ಪುಸ್ತಕ ಕಟ್ಟಿದ್ದೇನೆಂದು ಸಾಬೀತು ಮಾಡುವುದು, ನೆನೆಸಿಕೊಂಡರೇ ಮಲಗಿಬಿಡೋಣ ಅನ್ನಿಸುತ್ತದೆ. ದೊಡ್ಡ ಪ್ರೆಸ್ಸಿನವರು ಬೈಂಡಿಂಗ್ ವಿಭಾಗಕ್ಕೆ ಜನ ಹುಡುಕುತ್ತಿದ್ದಾರಂತೆ. ಹೋಗಿ ಸೇರಿಬಿಡುತ್ತೇನೆ. ನನ್ನದಲ್ಲದ ಮೇಜಿನ ಮುಂದೆ ನಿಂತು ಎಣಿಸಿದರೂ ಪುಟಗಳು ಅಷ್ಟೇ ಇರುತ್ತವೆ.

ಸುಸ್ತಾಗಿದೆ ಅಕ್ಕ. ಸೋತಿದ್ದೇನೆ ಎಂದಲ್ಲ, ಬರೀ ಸುಸ್ತು.

ಅಂಟಮ್ಮ

*

ಜೂನ್ 2

ಅಂಟಮ್ಮಾ,

ಐದು ವಾರದಿಂದ ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಹರಿದು ಹಾಕಿದೆ. ಈಗ ಬರೆದು ಇಂದೇ ಅಂಚೆಯಲ್ಲಿ ರಿಜಿಸ್ಟರ್ ಮಾಡಿಸಿ ಬರುತ್ತೇನೆ, ಇಲ್ಲದಿದ್ದರೆ ಇದೂ ಬುಟ್ಟಿಗೆ ಹೋಗುತ್ತದೆ.

ಅಂದು ಹೊಡೆದು ಹಾಕಿದ ಎರಡು ಸಾಲು ಇಷ್ಟು: ಬೈಂಡಿಂಗ್ ಕೋಣೆ ಅವನದಲ್ಲ. ನನ್ನದಾಗಿತ್ತು, ನಿನಗೆ ಕೊಡಲೆಂದು.

ಅಪ್ಪ ಹಾಸಿಗೆಯಲ್ಲಿದ್ದಾಗಲೇ ಉಯಿಲು ಬರೆಸಿದ. ಹಿಂದಿನ ಮನೆ, ಮಹಡಿ ಮಗನಿಗೆ, ಮುಂದಿನ ಕೋಣೆ ಮತ್ತು ಮಷೀನುಗಳು ನನಗೆ. ಜೊತೆಗೆ ನನಗೊಂದು ಪತ್ರ ಬರೆದ. ಆ ಪತ್ರವನ್ನೇ ಇದರೊಳಗೆ ಇಟ್ಟಿದ್ದೇನೆ. ಕೈ ನಡುಗಿ ಅಕ್ಷರ ಸೊಟ್ಟಗಿವೆ, ಆದರೆ ಓದಬಹುದು. "ಕೋಣೆಯನ್ನು ಅವಳಿಗೆ ಕೊಡು. ನಾನೇ ನೇರವಾಗಿ ಸೊಸೆಯ ಹೆಸರಿಗೆ ಬರೆದರೆ ಅವನಿಗೆ ಬೇಜಾರಾಗುತ್ತದೆ. ನಿನ್ನ ಕೈಯಿಂದ ಹೋದರೆ ಯಾರಿಗೂ ಏನೂ ಅನ್ನಿಸುವುದಿಲ್ಲ." ಅಪ್ಪನ ಜಾಣತನ ಅದು. ಯಾರಿಗೂ ಬೇಜಾರಾಗಬಾರದು ಎಂದೇ ಈ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಬದುಕಿದ್ದು.

ಕೋಣೆ ನಿನಗೆ ಕೊಡುತ್ತೇನೆಂದು ಅವನಿಗೆ ಹೇಳಿದ್ದೆ, ಅಪ್ಪನ ಪತ್ರ ಮಾತ್ರ ತೋರಿಸಿರಲಿಲ್ಲ. ಅಪ್ಪ ಹೋಗಿ ಎರಡು ತಿಂಗಳಿಗೆ ನನ್ನ ತಮ್ಮ ಇಲ್ಲಿಗೆ ಬಂದ. ನನ್ನ ಡ್ಯೂಟಿ ಮುಗಿಯುವವರೆಗೆ ರೋಗಿಗಳ ಬೆಂಚಿನ ಮೇಲೆ, ದ್ರಾಕ್ಷಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೋರ್ಡಿನ ಕೋಣೆಯ ಗಾಜಿನಿಂದ ನನಗೆ ಕಾಣುತ್ತಿತ್ತು, ಪುಟ್ಟ ಹುಡುಗನಾಗಿದ್ದಾಗ ಕೂರುತ್ತಿದ್ದ ಹಾಗೇ ಕಾಲು ಒಳಗೆ ಸೇರಿಸಿಕೊಂಡು. ಆಚೆ ಬಂದಾಗ ಒಂದು ಕಾಗದ ಕೊಟ್ಟ. "ನಿನ್ನ ಭಾಗ ಈಗ ನನಗೆ ಬಿಟ್ಕೊಡು ಅಕ್ಕ. ಆಮೇಲೆ ಅವಳ ಹೆಸರಿಗೆ ನಾನೇ ಮಾಡಿಸ್ತೀನಿ. ಗಂಡನ ಕೈಯಿಂದ ಬಂದ್ರೆ ಅವಳಿಗೂ ಖುಷಿ" ಎಂದ.

ನಾನು ನಿನ್ನ ಹಾಗಲ್ಲ, ಓದಿದೆ. ಒಂದೊಂದು ಸಾಲನ್ನೂ ಓದಿದೆ. 'ಆಮೇಲೆ' ಎಂಬುದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದು ನನಗೆ ಕಂಡಿತು. ಗೊತ್ತಿದ್ದೂ ಸೈನ್ ಮಾಡಿದೆ. ಯಾಕೆಂದು ಒಂಬತ್ತು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಅಂದು ದಣಿದಿದ್ದೆ. ಇದ್ದೊಬ್ಬ ತಮ್ಮ ಎರಡು ಗಂಟೆ ಕಾದಿದ್ದ. ಆ ಮಾತನ್ನೂ ಬರೆಸಿಕೊಡು ಎಂದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಎನ್ನುತ್ತಾನೆ, ಅದನ್ನು ಕೇಳಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ನೀನು ನನಗೆ ಪಟ್ಟಿಗಳ ಮೇಲೆ ಪತ್ರ ಬರೆದಾಗಲೆಲ್ಲ, "ನಮ್ಮ ಕೋಣೆ" ಎಂದು ಬರೆದಾಗಲೆಲ್ಲ, ಆ ಮಾತಿನ ಮೇಲೆ ಬೆರಳಿಟ್ಟು ಕೂರುತ್ತಿದ್ದೆ. ಆದರೂ ಒಂದು ಸಲವೂ ಬಾಯಿ ಬಿಡಲಿಲ್ಲ. ನೀನು ಓದದೆ ಮಾಡಿದ್ದು ತಪ್ಪು ಎಂದು ಬೈದೆನಲ್ಲ, ಓದಿ ಮಾಡಿದ ನನ್ನದಕ್ಕೆ ಏನನ್ನಬೇಕು?

ಅವನು ಆ 'ಆಮೇಲೆ'ಯನ್ನು ಮಾಡಿಯೇ ಮಾಡುತ್ತಾನೆ ಎಂದು ನಂಬಿಕೊಂಡಿದ್ದೆ, ನೀನು ನಾಲ್ಕನೆಯ ಪುಟ ಬರೆದು ಕಳಿಸುವವರೆಗೆ.

ಈಗ ನೀನು ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ಉತ್ತರ. ಲಾಯರಮ್ಮನನ್ನು ಹಿಡಿ. ಕಾಗದ ಕೋರ್ಟಿಗೆ ಹೋಗುವುದರೊಳಗೆ ಹಿಡಿ. ಸೈನ್ ಮಾಡಿದ್ದೇನೆ ಎಂದು ಹೆದರಬೇಡ, ಜಡ್ಜ್ ಮುಂದೆ ನೀನು ಹೌದು ಎನ್ನುವವರೆಗೆ ಅದು ಬರೀ ಆರು ಹಾಳೆ. ಸಾಕ್ಷಿ ಬೇಕೆಂದರೆ ನಾನು ಬಂದು ಹೇಳುತ್ತೇನೆ, ಅವನ ಎದುರಿಗೇ ಹೇಳುತ್ತೇನೆ. ಆಮೇಲೆ ಅವನು ನನ್ನ ಮುಖ ನೋಡುವುದಿಲ್ಲ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮುಂದೆ ನನ್ನನ್ನು ಏನಂತ ಕರೆಯಲಿ ಎಂದು ನೀನು ಕೇಳಿದ್ದೆ. ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸು.

ಹೆಸರು ಹಾಕುವುದಿಲ್ಲ.

*

ಜುಲೈ 8

ಅಂಟಮ್ಮಾ,

ಅಂಚೆಯವರು ನಿನ್ನಿಂದ ಸೈನ್ ಮಾಡಿಸಿಕೊಂಡ ಚೀಟಿ ವಾಪಸ್ ಬಂದು ನನ್ನ ಕೈಯಲ್ಲಿದೆ. ಪತ್ರ ಬರಲಿಲ್ಲ. ಈ ಸಲವೂ ಒಳಗೇನಿದೆ ಎಂದು ನೋಡದೆ ಸೈನ್ ಮಾಡಿ ಎತ್ತಿಟ್ಟಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಹಾಗಲ್ಲ ಎಂದು ನಿನ್ನೆ ತಿಳಿಯಿತು.

ಅವನು ಆಸ್ಪತ್ರೆಗೇ ಫೋನ್ ಮಾಡಿದ. "ಅಪ್ಪನ ಕಾಗದ ಅವಳಿಗೆ ಕಳಿಸಿದ್ಯಾ ಅಕ್ಕ? ನೀನೇನಾ?" ಎಂದ. ದನಿ ಒಡೆದಿತ್ತು. ಮೂವತ್ತೊಂದು ವರ್ಷದಿಂದ ಬಾಯಿಗೆ ಕೂತ ಮಾತೇ ಬಂತು. "ಒಂದ್ನಿಮಿಷ ಇರು" ಎಂದೆ. ಮತ್ತೆ ಆ ಲೈನಿಗೆ ಹೋಗಲಿಲ್ಲ. ಹನ್ನೊಂದು ನಿಮಿಷ ಬೋರ್ಡಿನಲ್ಲಿ ಅವನ ಲೈನಿನ ದೀಪ ಮಿಣುಕುತ್ತಲೇ ಇತ್ತು, ಆಮೇಲೆ ಆರಿತು. ನಾನು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಕೂತೆ.

ನೀನೂ ಹೀಗೆಯೇ ನನ್ನನ್ನು ಕಾಯಿಸುತ್ತಿದ್ದರೆ, ಕಾಯಿಸು. ನಾನು ಫೋನ್ ಇಡುವುದಿಲ್ಲ.

*

ಆಗಸ್ಟ್ 17

ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೇಲಿನ ಜಾಗ ಖಾಲಿ ಬಿಟ್ಟಿದ್ದೇನೆ.

ನಿಮ್ಮ ಜೂನ್ ಪತ್ರ ಓದಿದ ದಿನ ನನಗೆ ನಿಮ್ಮ ತಮ್ಮನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನಿಮ್ಮ ಮೇಲೆ ಬಂತು. ಅವರು ಮಾತಾಡದವರು, ಅದು ಹಳೆಯದು. ನಿಮ್ಮ ಜೊತೆ ಮಾತ್ರ ನಾನು ಎಲ್ಲ ಹೇಳಿಕೊಂಡು ಬದುಕಿದ್ದೆ. ಒಂಬತ್ತು ವರ್ಷ ನನ್ನ ಹಲ್ಲುನೋವು, ಮಷೀನಿನ ಕೀಚಲು ಸದ್ದು ಎಲ್ಲ ವಿಚಾರಿಸಿದಿರಿ, ಇದೊಂದು ಬಿಟ್ಟು. ನಿಮ್ಮ ಹಳೆಯ ಪತ್ರಗಳನ್ನು ವರ್ಷವರ್ಷದ್ದೂ ಸೇರಿಸಿ ಹೊಲಿದು ಇಟ್ಟಿದ್ದೆ. ಅವನ್ನು ಬಿಚ್ಚಿ ಹಾಕಬೇಕೆಂದು ಬ್ಲೇಡು ತೆಗೆದುಕೊಂಡೆ. ನನ್ನ ಹೊಲಿಗೆಯೇ ಗಟ್ಟಿಯಾಗಿತ್ತು. ಬಿಚ್ಚುವ ಬದಲು ಕೂತು ಓದಿದೆ, ಮೊದಲಿನಿಂದ. ಎರಡು ವಾರ ಬೇಕಾಯಿತು. ಕೆಲವು ಕಡೆ ಸಾಲು ಹೊಡೆದು ಹಾಕಿದ್ದೀರಿ, ಆಗ ನನ್ನ ಗಮನಕ್ಕೇ ಬಂದಿರಲಿಲ್ಲ. ಎಣಿಸಿದೆ. ಹದಿನೇಳು ಕಡೆ.

ಹದಿನೇಳು ಸಲ ಹೇಳಲು ಹೋಗಿ ನಿಲ್ಲಿಸಿದ್ದೀರಿ ಎಂದುಕೊಂಡೆ. ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಜೊತೆಗಿಟ್ಟುಕೊಂಡು ಬದುಕಬಹುದಾದಷ್ಟಾಗಿದೆ.

ಆಮೇಲೆ ಮಾವನ ಪತ್ರದ ಜೆರಾಕ್ಸ್ ಒಂದನ್ನು ಊಟದ ಮೇಜಿನ ಮೇಲೆ, ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಅವರು ನಿಂತುಕೊಂಡೇ ಓದಿದರು. "ಅಪ್ಪ ನನಗೆ ಹೇಳಬಹುದಿತ್ತು" ಎಂದರು. ಅಷ್ಟೇ. ಊಟ ಮಾಡಲಿಲ್ಲ. ನಿಮಗೆ ಫೋನ್ ಮಾಡಿದ್ದು ಮರುದಿನವೇ ಇರಬೇಕು. ಅಂದಿನಿಂದ ಹಾಲಿನ ವಿಷಯವನ್ನೂ ಕೇಳುತ್ತಿಲ್ಲ. ಕಾಗದವನ್ನು ಕೋರ್ಟಿಗೆ ಕೊಟ್ಟೂ ಇಲ್ಲ, ಹರಿದೂ ಇಲ್ಲ. ಅವರ ಮೇಲೆ ಒಂದು ಕ್ಷಣ ಕನಿಕರ ಬಂತು. ಅದಕ್ಕೇ ಹೆದರಿಕೆಯಾಯಿತು, ಆ ಕನಿಕರದಲ್ಲೇ ಇನ್ನೊಂದು ಸೈನ್ ಮಾಡಿಬಿಟ್ಟೇನು ಎಂದು.

ನಿನ್ನೆ ಲಾಯರಮ್ಮ ಪುಸ್ತಕ ತೆಗೆದುಕೊಂಡು ಹೋಗಲು ಬಂದರು. ಚೀಲ ತುಂಬಿಕೊಟ್ಟೆ. ಅವರು ಬಾಗಿಲವರೆಗೆ ಹೋದ ಮೇಲೆ "ಅಮ್ಮಾ, ಒಂದ್ನಿಮಿಷ ಇರಿ" ಎಂದೆ. ನಿಮ್ಮ ಮಾತೇ ಬಾಯಿಗೆ ಬಂತು.

ಸ್ಟೂಲ್ ಒರೆಸಿ ಕೂರಿಸಿ ಎಲ್ಲ ಹೇಳಿದೆ. ಆರು ಪುಟ ಓದಿದರು, ಮಾವನ ಪತ್ರ ಎರಡು ಸಲ ಓದಿದರು. "ಗೆದ್ದೇ ಗೆಲ್ತೀವಿ ಅಂತ ನಾನು ಹೇಳಲ್ಲ. ಸುಲಭದ್ದಲ್ಲ, ಎಳೆಯುತ್ತೆ. ನಿಮಗೆ ಶಕ್ತಿ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಇಲ್ಲದಿದ್ದರೂ ಮಾಡುತ್ತೇನೆ ಎಂದೆ. ಅವರು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು.

"ಸಾಕ್ಷಿ ಹೇಳೋರು ನಿಮಗೆ ಏನಾಗ್ಬೇಕು?"

"ಅಕ್ಕ."

"ಸ್ವಂತ ಅಕ್ಕನಾ?"

"ಗಂಡನ ಅಕ್ಕ" ಎಂದೆ.

ಅವರು ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ತಮ್ಮನ ಎದುರಿಗೆ ನಿಂತು ಹೇಳ್ತಾರಾ?"

"ಹೇಳ್ತೀನಿ ಅಂತ ಬರೆದಿದ್ದಾರೆ. ಅವರು ಹೊಡೆದು ಹಾಕಿಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಸಾಕ್ಷಿ ಹೇಳಲು ಬರುವಾಗ ಹಿಂದಿನ ದಿನವೇ ಬನ್ನಿ. ಬೈಂಡಿಂಗ್ ಕೋಣೆಯಲ್ಲೇ ಹಾಸಿಗೆ ಹಾಕುತ್ತೇನೆ, ಇಬ್ಬರೂ ಅಲ್ಲೇ ಮಲಗೋಣ. ಮೊದಲು ನಿಮ್ಮನ್ನು ಕೂರಿಸಿಕೊಂಡು ಚೆನ್ನಾಗಿ ಬೈಯುವುದಿದೆ, ಅದಾದ ಮೇಲೆ ಊಟ.

ಕೊನೆಗೆ ಲಾಯರಮ್ಮ ನನ್ನ ಪರವಾಗಿ ಕೋರ್ಟಿನಲ್ಲಿ ಮಾತಾಡಲು ನಾನು ಒಪ್ಪಿದ್ದೇನೆ ಎಂಬ ಕಾಗದ ಮುಂದಿಟ್ಟು, ಬೆರಳಿಟ್ಟು, "ಇಲ್ಲಿ ಸೈನ್ ಮಾಡಿ" ಎಂದರು. ನಾನು ಮೂಲೆ ನೋಡಲಿಲ್ಲ. ಮೊದಲ ಅಕ್ಷರದಿಂದ ಹಿಡಿದೆ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದೆ, ಅವರು ಹೇಳಿದರು. ಅವರಿಗೆ ಕೊಟ್ಟ ಚಹಾ ಮುಗಿಯಿತು, ನನ್ನದು ಆರಿತು. ಪೂರ್ತಿ ಓದಿಯಾದ ಮೇಲೆ ಅಭ್ಯಾಸ ಬಿಡದೆ ಪುಟ ಎಣಿಸಿದೆ.

ಒಂದೇ ಇತ್ತು. ಸೈನ್ ಮಾಡಿದೆ, ಅಕ್ಕ.

ನಿಮ್ಮ
ಅಂಟಮ್ಮ